ಗರ್ಭಿಣಿಯ ಆಹಾರವೂ ‘ಇ’ ಜೀವಸತ್ತ್ವವೂ



ಮುದಗಲ್ಲು ಎಂಬ ಹೆಸರನ್ನು ಕೇಳಿದೊಡನೆಯೇ ನಮ್ಮಲ್ಲಿ ಬಹುಮಂದಿಗೆ ಅಲ್ಲಿನ ಕೋಟೆ ನೆನಪಾಗುತ್ತದೆ; ಆ ಕೋಟೆಗಾಗಿ ವಿಜಯನಗರದ ಅರಸರಿಗೂ ಬಹಮನಿ ಸುಲ್ತಾನರಿಗೂ ಮತ್ತೆ ಮತ್ತೆ ನಡೆದ ಯುದ್ಧಗಳು ನೆನಪಾಗುತ್ತವೆ. ಈ ಹೊತ್ತು ನಾನು ತಮ್ಮನ್ನು ಕೋಟೆಯ ಬಾಗಿಲನ್ನು ದಾಟಿಸಿ, ಆ ಸೀಮೆಯ ಎರೆಹೊಲದ ಬದುವಿಗೆ ಕರೆದೊಯ್ಯಬೇಕೆಂದಿದ್ದೇನೆ. ರಾಯಚೂರು ಜಿಲ್ಲೆಯ ಈ ಭಾಗದಲ್ಲಿ ಹಿಂಗಾರಿ ಜೋಳವನ್ನು ಬಿತ್ತುವ ರೈತನು ಹೊಲದ ಅಂಚಿಗೂ ಜೋಳದ ನಡುವೆ ಅಕ್ಕಡಿ ಸಾಲಾಗಿಯೂ ಕುಸುಬೆಯನ್ನು ಬಿತ್ತುವುದು ಹಳೆಯ ವಾಡಿಕೆ. ಕುಸುಬೆಯು ಮುಳ್ಳುಗಿಡವಾದುದರಿಂದ ದನಕರುಗಳು ಹೊಲಕ್ಕೆ ನುಗ್ಗುವುದಿಲ್ಲ. ಅದರ ಎಳೆಯ ಎಲೆ ಪಲ್ಯಕ್ಕೆ ಒದಗುತ್ತದೆ. ಬೀಜವು ಗಾಣಕ್ಕೆ ಹೋಗಿ ಮನೆಯ ಎಣ್ಣೆಯಾಗುತ್ತದೆ. ತಾಯಿಯ ಗರ್ಭದಲ್ಲಿ ಬೆಳೆಯುವ ಶಿಶುವಿಗೂ ಈ ಮುಳ್ಳುಗಿಡದ ಬೀಜಕ್ಕೂ ಒಂದು ಸಂಬಂಧವಿದೆ. ಅದೇ ಈ ದಿನದ ನನ್ನ ಭಾಷಣದ ವಿಷಯ.

ಪೇಟೆಯ ಔಷಧದ ಅಂಗಡಿಗಳಲ್ಲಿ, ಒಳಗೆ ಎಣ್ಣೆ ತುಂಬಿದ ಮೆತ್ತನೆಯ ಗುಳಿಗೆಗಳನ್ನು ತಾವು ಕಂಡಿರಬಹುದು. ಅವುಗಳಲ್ಲಿರುವುದು ‘ಇ’ ಜೀವಸತ್ತ್ವ. ಇಂಗ್ಲಿಷಿನಲ್ಲಿ ಇದನ್ನು ವೈಟಮಿನ್ ‘ಇ’ ಎನ್ನುತ್ತಾರೆ. ಮಗುವಾಗಲೆಂದು, ನಿಂತ ಗರ್ಭ ಉಳಿಯಲೆಂದು, ಹುಟ್ಟುವ ಕೂಸು ಪುಷ್ಟಿಯಾಗಿರಲೆಂದು ಇದನ್ನು ನುಂಗುವವರೂ ನುಂಗಿಸುವವರೂ ಉಂಟು. ಒಂದೆರಡು ಸಲ ಗರ್ಭವು ನಿಲ್ಲದೆ ಹೋದ ಹೆಣ್ಣುಮಗಳ ಮನೆಯಲ್ಲಿ ಯಾರು ಏನು ಹೇಳಿದರೂ ನಂಬುವಷ್ಟು ಸಂಕಟವಿರುತ್ತದೆ. ಆ ಸಂಕಟದಲ್ಲಿ ವ್ಯಯವಾಗುವ ಹಣವು ಸಣ್ಣದಲ್ಲ. ವ್ಯರ್ಥವಾಗುವ ಆಸೆಯು ಅದಕ್ಕಿಂತಲೂ ದೊಡ್ಡದು. ಆದುದರಿಂದ ಈ ವಸ್ತುವಿನ ವಿಚಾರದಲ್ಲಿ ಖಚಿತವಾಗಿ ತಿಳಿದಿರುವುದೇನು ಎಂಬುದನ್ನು ಮೊದಲಿಂದ ಹೇಳುವುದು ಯುಕ್ತವೆಂದು ಭಾವಿಸುತ್ತೇನೆ.

ಈ ಕಥೆಯು ಮೊದಲಾಗುವುದು ಇಲಿಗಳಿಂದ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಬರ್ಕ್ಲಿಯಲ್ಲಿರುವ ವಿಶ್ವವಿದ್ಯಾನಿಲಯದಲ್ಲಿ ಹರ್ಬರ್ಟ್ ಇವಾನ್ಸ್ ಎಂಬ ವಿಜ್ಞಾನಿಯೂ ಕ್ಯಾಥರಿನ್ ಬಿಷಪ್ ಎಂಬ ವಿದುಷಿಯೂ ಇಲಿಗಳಿಗೆ ಶುದ್ಧಪಡಿಸಿದ ಆಹಾರವನ್ನು ಕೊಟ್ಟು ಸಾಕುತ್ತಿದ್ದರು. ಹಾಲಿನಿಂದ ತೆಗೆದ ಸಸಾರಜನಕ, ಹಿಟ್ಟು, ಕೊಬ್ಬು, ಲವಣಗಳು, ಆವರೆಗೆ ಗೊತ್ತಿದ್ದ ಜೀವಸತ್ತ್ವಗಳು, ಇವೆಲ್ಲವೂ ಆ ಆಹಾರದಲ್ಲಿದ್ದವು. ಇಲಿಗಳು ಚೆನ್ನಾಗಿಯೇ ಬೆಳೆದವು, ಹೆಣ್ಣಿಲಿಗಳು ಗರ್ಭವನ್ನೂ ಧರಿಸಿದವು. ಆದರೆ ಮರಿಗಳು ಮಾತ್ರ ಹುಟ್ಟಲಿಲ್ಲ. ಭ್ರೂಣಗಳು ಕೆಲವು ದಿನ ಬೆಳೆದು, ಗರ್ಭದಲ್ಲಿಯೇ ಸತ್ತು, ಅಲ್ಲಿಯೇ ಕರಗಿಹೋಗುತ್ತಿದ್ದವು. ಅದೇ ಇಲಿಗಳಿಗೆ ಹಸಿಯ ಲೆಟ್ಯೂಸ್ ಸೊಪ್ಪನ್ನೋ ಗೋಧಿಯ ಮೊಳಕೆಯ ಭಾಗವನ್ನೋ ಕೊಟ್ಟರೆ ಮರಿಗಳು ಸುಖವಾಗಿ ಹುಟ್ಟುತ್ತಿದ್ದವು. ಹಾಗಾದರೆ ಸೊಪ್ಪಿನಲ್ಲಿಯೂ ಮೊಳಕೆಯಲ್ಲಿಯೂ ಇರುವ, ಇದುವರೆಗೆ ಹೆಸರಿಲ್ಲದ ಯಾವುದೋ ಒಂದು ವಸ್ತುವು ಗರ್ಭವನ್ನು ಉಳಿಸುತ್ತದೆ ಎಂದಾಯಿತು. ಇದನ್ನು ಅವರು ಪ್ರಕಟಿಸಿದುದು ೧೯೨೨ನೆಯ ಇಸವಿಯಲ್ಲಿ. ‘ಎ’, ‘ಬಿ’, ‘ಸಿ’, ‘ಡಿ’ಗಳು ಆಗಲೇ ಮುಗಿದಿದ್ದುದರಿಂದ ಈ ವಸ್ತುವಿಗೆ ಮುಂದೆ ‘ಇ’ ಎಂಬ ಅಕ್ಷರವು ದೊರೆಯಿತು.

೧೯೩೬ರಲ್ಲಿ ಇವಾನ್ಸ್ ಮತ್ತು ಆತನ ಸಹೋದ್ಯೋಗಿಗಳು ಗೋಧಿಯ ಮೊಳಕೆಯ ಎಣ್ಣೆಯಿಂದ ಆ ವಸ್ತುವನ್ನು ಬೇರ್ಪಡಿಸಿದರು. ಹೆಸರಿಡುವುದಕ್ಕೆ ತಮ್ಮ ವಿಶ್ವವಿದ್ಯಾನಿಲಯದ ಗ್ರೀಕ್ ಭಾಷಾ ಪಂಡಿತನನ್ನು ಕೇಳಲು, ಆತನು ‘ಟೊಕೋಸ್’ ಎಂದರೆ ಹೆರಿಗೆ, ‘ಫೆರೈನ್’ ಎಂದರೆ ತರುವುದು, ಆದುದರಿಂದ ‘ಟೊಕೋಫೆರಾಲ್’ ಎನ್ನಿರೆಂದು ಸೂಚಿಸಿದನು. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಸಂತಾನದಾಯಿ’. ೧೯೩೮ರಲ್ಲಿ ಸ್ವಿಟ್ಸರ್ಲೆಂಡಿನ ಪಾಲ್ ಕಾರರ್ ಎಂಬ ರಸಾಯನಶಾಸ್ತ್ರಜ್ಞನು ಇದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿ ತೋರಿಸಿದನು.

ಹೆಸರೇ ಹೀಗಿದ್ದ ಮೇಲೆ ಆಸೆಯು ಹುಟ್ಟದಿರುತ್ತದೆಯೆ? ೧೯೩೧ರಷ್ಟು ಹಿಂದೆಯೇ ಡೆನ್ಮಾರ್ಕಿನ ಫೋಗ್ಟ್ ಮೋಲರ್ ಎಂಬಾತನು ಪದೇ ಪದೇ ಗರ್ಭಸ್ರಾವವಾಗುತ್ತಿದ್ದ ಸ್ತ್ರೀಯರಿಗೆ ಗೋಧಿಯ ಮೊಳಕೆಯೆಣ್ಣೆಯನ್ನು ಕೊಟ್ಟು, ಫಲ ಕಂಡಿತೆಂದು ಬರೆದನು. ಆ ಕಾಲದ ವೈದ್ಯರು ಅನೇಕರು ಇದನ್ನು ಅನುಸರಿಸಿದರು. ಆದರೆ ಇಲ್ಲಿ ಒಂದು ಸೂಕ್ಷ್ಮವುಂಟು. ಗರ್ಭವು ಒಂದೆರಡು ಸಲ ನಿಲ್ಲದೆಹೋದ ಸ್ತ್ರೀಯರಲ್ಲಿ ಬಹುಮಂದಿಗೆ ಯಾವ ಔಷಧವೂ ಇಲ್ಲದೆಯೇ ಮುಂದಿನ ಗರ್ಭವು ನಿಲ್ಲುತ್ತದೆ. ಆ ನಡುವೆ ಆಕೆಗೆ ಏನನ್ನು ಕೊಟ್ಟಿದ್ದರೂ, ಅದು ಎಣ್ಣೆಯಾಗಲಿ ತಾಯಿತವಾಗಲಿ, ಕೀರ್ತಿಯು ಅದಕ್ಕೇ ಸಲ್ಲುತ್ತದೆ. ಔಷಧವನ್ನು ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಸಮನಾಗಿ ಹೋಲಿಸಿ ನೋಡುವವರೆಗೆ ಸತ್ಯವು ಗೊತ್ತಾಗುವುದಿಲ್ಲ.

ಆ ಹೋಲಿಕೆಯ ಫಲವನ್ನು ಹೇಳುವುದಕ್ಕೆ ಮುಂಚೆ, ಈ ಜೀವಸತ್ತ್ವವು ದೇಹದಲ್ಲಿ ಮಾಡುವ ಕೆಲಸವೇನೆಂಬುದನ್ನು ನೋಡೋಣ. ಬಹಳ ದಿನ ಇಟ್ಟ ಎಣ್ಣೆಯು ಕಮಟು ಹಿಡಿಯುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಗಾಳಿಯಲ್ಲಿರುವ ಆಮ್ಲಜನಕವು ಎಣ್ಣೆಯನ್ನು ಕೆಡಿಸುವುದರ ಪರಿಣಾಮವಿದು. ನಮ್ಮ ದೇಹದ ಪ್ರತಿಯೊಂದು ಜೀವಕೋಶವನ್ನೂ ಒಂದು ತೆಳುವಾದ ಪೊರೆಯು ಸುತ್ತಿಕೊಂಡಿರುತ್ತದೆ. ಆ ಪೊರೆಯ ಬಹುಭಾಗವು ಜಿಡ್ಡಿನ ಪದಾರ್ಥ. ಉಸಿರಿನೊಡನೆ ಬರುವ ಆಮ್ಲಜನಕವೇ ಈ ಜಿಡ್ಡನ್ನೂ ಕೆಡಿಸಬಲ್ಲದು. ಒಂದು ಅಣು ಕೆಟ್ಟರೆ ಅದು ನೆರೆಯದನ್ನು ಕೆಡಿಸುತ್ತದೆ, ಆ ನೆರೆಯದು ಮತ್ತೊಂದನ್ನು. ಬಣವೆಗೆ ಬಿದ್ದ ಕಿಡಿಯಂತೆ ಕೇಡು ಹಬ್ಬುತ್ತದೆ. ‘ಇ’ ಜೀವಸತ್ತ್ವವು ಪೊರೆಯೊಳಗೇ ನೆಲಸಿದ್ದು, ಆ ಕಿಡಿಯನ್ನು ತನ್ನ ಮೇಲೆ ತೆಗೆದುಕೊಂಡು ಆರಿಸಿಬಿಡುತ್ತದೆ.

ಕುಸುಬೆ, ಸೂರ್ಯಕಾಂತಿ ಮೊದಲಾದ ಬೀಜಗಳಲ್ಲಿ ಇದು ಹೇರಳವಾಗಿರುವುದಕ್ಕೂ ಕಾರಣವು ಇದೇ. ಬೀಜವೆಂದರೆ ಗಿಡದ ಗರ್ಭವಷ್ಟೆ. ಮುಂದಿನ ಮಳೆಯವರೆಗೆ ಹಗೇವಿನಲ್ಲಿಯೋ ಮಡಕೆಯಲ್ಲಿಯೋ ಕಾದಿರಬೇಕಾದ ಆ ಗರ್ಭದ ಎಣ್ಣೆಯು ಕೆಡದಂತೆ ಪ್ರಕೃತಿಯು ಅದರೊಳಗೇ ಕಾವಲನ್ನಿಟ್ಟಿದೆ. ಈ ಸತ್ತ್ವವನ್ನು ತಯಾರಿಸಲಾರದಂತೆ ಮಾಡಿದ ಸಸ್ಯಗಳ ಬೀಜಗಳು ಬಹುಬೇಗ ಜೀವವನ್ನು ಕಳೆದುಕೊಳ್ಳುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಮನುಷ್ಯನಾಗಲಿ ಇತರ ಪ್ರಾಣಿಗಳಾಗಲಿ ಇದನ್ನು ತಯಾರಿಸಲಾರವು. ಬೀಜವು ತನಗಾಗಿ ಕೂಡಿಟ್ಟುಕೊಂಡುದನ್ನೇ ನಾವು ಆಹಾರದಲ್ಲಿ ಪಡೆಯುತ್ತೇವೆ.

ಇನ್ನು ತಾಯಿಯ ಗರ್ಭಕ್ಕೆ ಬರೋಣ. ಮೊದಲ ಎರಡೂವರೆ ತಿಂಗಳು ಭ್ರೂಣವು ಆಮ್ಲಜನಕವು ಬಹು ಕಡಮೆಯಾಗಿರುವ ಮರೆಯಲ್ಲಿ ಬೆಳೆಯುತ್ತದೆ. ಸುಮಾರು ಹತ್ತರಿಂದ ಹನ್ನೆರಡನೆಯ ವಾರದ ಹೊತ್ತಿಗೆ ಮಾಸಿನೊಳಕ್ಕೆ ತಾಯಿಯ ರಕ್ತವು ಧಾರಾಳವಾಗಿ ಹರಿಯತೊಡಗಿ, ಆಮ್ಲಜನಕದ ಪ್ರಮಾಣವು ಒಮ್ಮೆಗೇ ಏರುತ್ತದೆ. ಬೆಳವಣಿಗೆಗೆ ಅದು ಬೇಕೇ ಬೇಕು. ಆದರೆ ಹಿಂದೆ ಹೇಳಿದ ಕಿಡಿಯ ಅಪಾಯವೂ ಅದರೊಡನೆಯೇ ಬರುತ್ತದೆ. ಆಗ ಈ ಕಾವಲುಗಾರನ ಅವಶ್ಯಕತೆಯು ಹೆಚ್ಚು. ಯಕೃತ್ತಿನಲ್ಲಿ ‘ಇ’ ಜೀವಸತ್ತ್ವವನ್ನು ಆರಿಸಿ ರಕ್ತಕ್ಕೆ ಕಳುಹಿಸುವ ಒಂದು ವಿಶೇಷ ಸಸಾರಜನಕವುಂಟು. ಅದೇ ವಸ್ತುವು ಮಾಸಿನಲ್ಲಿಯೂ ಇರುವುದೆಂದು ಗೊತ್ತಾಗಿದೆ. ಅದಿಲ್ಲದ ಹೆಣ್ಣಿಲಿಗಳಲ್ಲಿ ಮಾಸು ಸರಿಯಾಗಿ ರೂಪುಗೊಳ್ಳದೆ ಮರಿಗಳು ಉಳಿಯುವುದಿಲ್ಲ. ನಮ್ಮ ದೇಶದ ಹೊಳೆಗಳಲ್ಲಿಯೇ ಸಿಕ್ಕುವ ಪಟ್ಟೆಮೀನಿನ ಭ್ರೂಣಗಳನ್ನು ‘ಇ’ ಜೀವಸತ್ತ್ವವಿಲ್ಲದೆ ಬೆಳೆಸಿ ನೋಡಿದಾಗ, ಮೆದುಳೂ ನರಗಳೂ ಸರಿಯಾಗಿ ಬೆಳೆಯದಿರುವುದು ಕಂಡುಬಂದಿದೆ. ಭ್ರೂಣಕ್ಕೆ ಇದು ಅತ್ಯವಶ್ಯಕವೆಂಬ ಇವಾನ್ಸನ ಮಾತು ಹೀಗೆ ನೂರು ವರ್ಷಗಳಾದ ಮೇಲೂ ನಿಂತಿದೆ.

ಅವಶ್ಯಕವಾದುದನ್ನು ಹೆಚ್ಚಾಗಿ ಕೊಟ್ಟರೆ ಹೆಚ್ಚು ಗುಣವಾಗುವುದೇ ಎಂಬುದು ಬೇರೆ ಪ್ರಶ್ನೆ. ಇದಕ್ಕೆ ಉತ್ತರವು ದೊರೆತದ್ದು ಈ ಶತಮಾನದಲ್ಲಿ. ಗರ್ಭಿಣಿಯರಲ್ಲಿ ರಕ್ತದೊತ್ತಡವು ಏರಿ, ಮೂತ್ರದಲ್ಲಿ ಸಸಾರಜನಕವು ಹೋಗುವ ‘ಗರ್ಭನಂಜು’ ಎಂಬ ಭಯಂಕರ ವ್ಯಾಧಿಯುಂಟಷ್ಟೆ. ಅದನ್ನು ‘ಸಿ’ ಮತ್ತು ‘ಇ’ ಜೀವಸತ್ತ್ವಗಳು ತಡೆಯಬಹುದೆಂದು ವೈದ್ಯರು ಆಶಿಸಿದರು. ಬ್ರಿಟನ್ನಿನಲ್ಲಿ, ಆ ವ್ಯಾಧಿಯ ಸಂಭವವು ಹೆಚ್ಚಾಗಿದ್ದ ೨,೪೧೦ ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಎರಡು ಸತ್ತ್ವಗಳನ್ನು ದೊಡ್ಡ ಪ್ರಮಾಣದಲ್ಲಿಯೂ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಬರಿಯ ಗುಳಿಗೆಗಳನ್ನೂ ಕೊಟ್ಟರು. ಫಲವು ಪ್ರಕಟವಾದುದು ೨೦೦೬ರಲ್ಲಿ. ಗರ್ಭನಂಜು ಎರಡು ಗುಂಪಿನಲ್ಲಿಯೂ ಹೆಚ್ಚುಕಡಮೆ ಒಂದೇ ಸಮನಾಗಿತ್ತು. ಅಷ್ಟೇ ಅಲ್ಲ, ತೂಕ ಕಡಮೆಯಾದ ಶಿಶುಗಳು ಬರಿಯ ಗುಳಿಗೆಯ ಗುಂಪಿನಲ್ಲಿ ನೂರಕ್ಕೆ ೨೪ ಇದ್ದರೆ, ಜೀವಸತ್ತ್ವದ ಗುಂಪಿನಲ್ಲಿ ನೂರಕ್ಕೆ ೨೮ ಇದ್ದವು. ಶ್ರೀಮಂತ ದೇಶದ ಸ್ತ್ರೀಯರಿಗೆ ಕೊರತೆಯಿಲ್ಲದುದರಿಂದ ಹೀಗಾಯಿತೋ ಏನೋ ಎಂದು ಶಂಕಿಸಿ, ವಿಶ್ವ ಆರೋಗ್ಯ ಸಂಸ್ಥೆಯವರು ಭಾರತ, ಪೆರು, ದಕ್ಷಿಣ ಆಫ್ರಿಕ, ವಿಯೆಟ್ನಾಮುಗಳಲ್ಲಿ ಪೋಷಣೆ ಸಾಲದ ೧,೩೬೫ ಗರ್ಭಿಣಿಯರಲ್ಲಿ ಪರೀಕ್ಷಿಸಿದರು. ೨೦೦೯ರಲ್ಲಿ ಬಂದ ಅದರ ಫಲದಲ್ಲಿಯೂ ಗರ್ಭನಂಜು ತಗ್ಗಲಿಲ್ಲ. ೨೦೧೫ರಲ್ಲಿ, ಇಂತಹ ೨೧ ಪರೀಕ್ಷೆಗಳನ್ನು, ಅಂದರೆ ೨೨,೦೦೦ಕ್ಕೂ ಮೇಲ್ಪಟ್ಟ ಸ್ತ್ರೀಯರ ವಿವರಗಳನ್ನು, ಒಟ್ಟುಗೂಡಿಸಿ ನೋಡಿದರು. ಮೃತಶಿಶುಗಳ ಜನನವಾಗಲಿ, ಅಕಾಲ ಪ್ರಸವವಾಗಲಿ, ಗರ್ಭನಂಜಾಗಲಿ ಕಡಮೆಯಾಗಿರಲಿಲ್ಲ. ಮಾಸು ಅವಧಿಗೆ ಮುಂಚೆ ಕಳಚಿಕೊಳ್ಳುವುದು ಮಾತ್ರ ಸ್ವಲ್ಪ ತಗ್ಗಿತ್ತು. ಅದಕ್ಕೆ ಎದುರಾಗಿ, ದಿನ ತುಂಬಿದ ಮೇಲೆ ಹೆರಿಗೆಯ ನೋವಿಗೆ ಮೊದಲೇ ನೀರು ಒಡೆಯುವುದೂ ಹೊಟ್ಟೆನೋವೂ ಹೆಚ್ಚಾಗಿದ್ದವು. ಇದೆಲ್ಲವನ್ನೂ ತೂಗಿ ನೋಡಿ, ಗರ್ಭಿಣಿಯರಿಗೆ ‘ಸಿ’ ಮತ್ತು ‘ಇ’ ಜೀವಸತ್ತ್ವಗಳ ಗುಳಿಗೆಗಳನ್ನು ವಾಡಿಕೆಯಾಗಿ ಕೊಡತಕ್ಕದ್ದಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೬ರಲ್ಲಿ ತಿಳಿಸಿತು.

ಇಲ್ಲಿ ವಿರೋಧವೇನೂ ಇಲ್ಲ. ಹಣತೆಯಲ್ಲಿ ಎಣ್ಣೆಯಿಲ್ಲದಿದ್ದರೆ ದೀಪವು ಉರಿಯದು. ತುಂಬಿದ ಹಣತೆಗೆ ಮತ್ತೆ ಸುರಿದರೆ ದೀಪವು ಇಮ್ಮಡಿಯಾಗಿ ಬೆಳಗದು, ಎಣ್ಣೆಯು ನೆಲಕ್ಕೆ ಚೆಲ್ಲುತ್ತದೆ. ಇವಾನ್ಸನ ಇಲಿಗಳ ಹಣತೆಯು ಪೂರ್ಣವಾಗಿ ಬರಿದಾಗಿತ್ತು. ಅಷ್ಟು ಬರಿದಾದ ಹಣತೆಯು ಮನುಷ್ಯರಲ್ಲಿ ಬಹು ಅಪೂರ್ವ. ಆದರೆ ಅರ್ಧ ತುಂಬಿದ ಹಣತೆಗಳು ಬಡವರ ಮನೆಗಳಲ್ಲಿ ಇರಬಹುದು. ನೆರೆಯ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಸುಮಾರು ೧,೬೦೦ ಗರ್ಭಿಣಿಯರ ರಕ್ತವನ್ನು ಪರೀಕ್ಷಿಸಿದವರು, ಅವರಲ್ಲಿ ಬಹುಮಂದಿಗೆ ಈ ಸತ್ತ್ವವು ಸಾಲದೆಂದೂ, ಹಾಗೆ ಸಾಲದವರಲ್ಲಿ ಗರ್ಭಸ್ರಾವವು ಹೆಚ್ಚೆಂದೂ ೨೦೧೫ರಲ್ಲಿ ಪ್ರಕಟಿಸಿದರು. ಕೊರತೆಯಿಂದಲೇ ಗರ್ಭವು ಹೋಯಿತೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಬಡ ಗರ್ಭಿಣಿಯ ತಟ್ಟೆಯಲ್ಲಿ ಎಣ್ಣೆಯ ಅಂಶವು ಎಷ್ಟಿದೆಯೆಂದು ನಾವು ವಿಚಾರಿಸಬೇಕೆಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಎಷ್ಟು ಬೇಕು? ಗರ್ಭಿಣಿಗೆ ದಿನವೊಂದಕ್ಕೆ ೧೫ ಮಿಲಿಗ್ರಾಂ ಸಾಕೆಂದು ಅಮೆರಿಕದ ಆಹಾರತಜ್ಞರು ಗೊತ್ತುಮಾಡಿದ್ದಾರೆ. ಅದು ಗರ್ಭಿಣಿಯಲ್ಲದ ಸ್ತ್ರೀಗೆ ಬೇಕಾದಷ್ಟೇ. ಮಗುವಿಗೆ ಹಾಲೂಡಿಸುವಾಗ ೧೯ ಮಿಲಿಗ್ರಾಂ ಬೇಕು. ಈಗ ನಮ್ಮ ಕುಸುಬೆಯ ಹೊಲಕ್ಕೆ ಮರಳೋಣ. ನೂರು ಗ್ರಾಂ ಕುಸುಬೆಯೆಣ್ಣೆಯಲ್ಲಿ ಸುಮಾರು ೩೪ ಮಿಲಿಗ್ರಾಂ ‘ಇ’ ಜೀವಸತ್ತ್ವವಿರುತ್ತದೆ; ಸೂರ್ಯಕಾಂತಿಯ ಎಣ್ಣೆಯಲ್ಲಿ ಸುಮಾರು ೪೧; ಶೇಂಗಾ ಎಣ್ಣೆಯಲ್ಲಿ ಸುಮಾರು ೧೬; ಶೇಂಗಾ ಬೀಜದಲ್ಲಿ ಸುಮಾರು ೮. ಕೊಬ್ಬರಿ ಎಣ್ಣೆಯಲ್ಲಿ ಇದು ಇಲ್ಲವೆನ್ನುವಷ್ಟು ಅಲ್ಪ. ಎಳ್ಳೆಣ್ಣೆಯಲ್ಲಿರುವುದು ಇದೇ ಕುಲದ ಮತ್ತೊಂದು ಬಗೆ. ನಮ್ಮ ಯಕೃತ್ತು ಅದನ್ನು ಹೆಚ್ಚಾಗಿ ಉಳಿಸಿಕೊಳ್ಳುವುದಿಲ್ಲ.

ಮುದಗಲ್ಲಿನ ಕಡೆಯ ಒಬ್ಬ ಗರ್ಭಿಣಿಯ ದಿನದ ಊಟವನ್ನು ಭಾವಿಸಿಕೊಳ್ಳೋಣ. ಜೋಳದ ರೊಟ್ಟಿ, ಪುಂಡಿಯದೋ ರಾಜಗಿರಿಯದೋ ಸೊಪ್ಪಿನ ಪಲ್ಯ, ಬೇಳೆ, ಮೇಲೆ ಎಣ್ಣೆ ಹಾಕಿದ ಶೇಂಗಾ ಚಟ್ನಿ. ಇಡೀ ದಿನದಲ್ಲಿ ೨೫ ಗ್ರಾಂ ಕುಸುಬೆಯೆಣ್ಣೆ ಅವಳ ಪಾಲಿಗೆ ಬಂದರೆ ಅದರಿಂದ ಸುಮಾರು ಎಂಟೂವರೆ ಮಿಲಿಗ್ರಾಂ, ಒಂದು ಹಿಡಿ, ಎಂದರೆ ೩೦ ಗ್ರಾಂ ಶೇಂಗಾದಿಂದ ಎರಡೂವರೆ, ಸೊಪ್ಪಿನಿಂದ ಒಂದೆರಡು, ಉಳಿದ ಸ್ವಲ್ಪವು ಕಾಳುಕಡಿಗಳಿಂದ. ಲೆಕ್ಕವು ಹದಿನೈದರ ಹತ್ತಿರಕ್ಕೆ ಬಂದಿತು! ಔಷಧದ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಕ್ಕುವ ನಾನೂರರ ಅಂಕದ ಒಂದು ಗುಳಿಗೆಯಾದರೋ ಈ ದಿನದ ಅವಶ್ಯಕತೆಯ ಹತ್ತು ಪಟ್ಟಿಗೂ ಮೀರಿದುದು.

ಲೆಕ್ಕವು ಸರಿ, ಆದರೆ ಆ ಇಪ್ಪತ್ತೈದು ಗ್ರಾಂ ಎಣ್ಣೆಯೂ ಆ ಒಂದು ಹಿಡಿ ಶೇಂಗಾವೂ ನಿಜವಾಗಿ ಅವಳ ಪಾಲಿಗೆ ಬರುತ್ತವೆಯೇ? ತೊಡಕು ಇರುವುದು ಇಲ್ಲಿಯೇ. ಮನೆಯವರೆಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ಸೊಸೆಯ ತಟ್ಟೆಗೆ ಎಣ್ಣೆಯ ಒಗ್ಗರಣೆ ತಲಪುವುದು ಕೊನೆಗೆ. ಎಳ್ಳು ಉಷ್ಣ, ಶೇಂಗಾ ಪಿತ್ತವೆಂದು ಬಸುರಿಗೆ ಬೇಡವೆನ್ನುವವರುಂಟು. ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆಯು ಕಷ್ಟವಾದೀತೆಂದು ಊಟವನ್ನೇ ಕಡಮೆ ಮಾಡಿಸುವ ಮನೆಗಳೂ ಉಂಟು. ಕುಬುಸದ ದಿನ ನಾನಾ ಬಗೆಯ ಅಡಿಗೆಯನ್ನು ಮಾಡಿ ಬಡಿಸುವ ನಾವು, ಮಿಕ್ಕ ಇನ್ನೂರೆಪ್ಪತ್ತು ದಿನಗಳ ತಟ್ಟೆಯನ್ನು ಮರೆಯಬಾರದು. ಹೊಲಗಳೂ ಬದಲಾಗಿವೆ. ತುಂಗಭದ್ರೆಯ ಎಡದಂಡೆಯ ಕಾಲುವೆಯು ಬಂದ ಮೇಲೆ ಸಿಂಧನೂರಿನ ಕಡೆಯ ಜೋಳದ ಭೂಮಿಯಲ್ಲಿ ಬಹುಭಾಗವು ಬತ್ತದ ಗದ್ದೆಯಾಯಿತು. ಜೋಳದೊಡನೆ ಅದರ ಅಂಚಿನ ಕುಸುಬೆಯೂ ಸರಿಯಿತು. ಕೂಲಿಯ ಮನೆಗೆ ಎಣ್ಣೆಯು ಹೊಲದಿಂದ ಬರುವ ಬದಲು ಅಂಗಡಿಯಿಂದ, ಅಳೆದು ಬರುತ್ತದೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದರೆ ಅದರಲ್ಲಿರುವ ಸತ್ತ್ವವೂ ನಾಶವಾಗುತ್ತದೆ.

ಕರ್ನಾಟಕ ಸರ್ಕಾರವು ೨೦೧೭ರಲ್ಲಿ ಆರಂಭಿಸಿದ ‘ಮಾತೃಪೂರ್ಣ’ ಎಂಬ ಯೋಜನೆಯು ಈ ದೃಷ್ಟಿಯಿಂದ ಗಮನಾರ್ಹವಾದುದು. ಗರ್ಭಿಣಿಯೂ ಬಾಣಂತಿಯೂ ಅಂಗನವಾಡಿಗೆ ಬಂದು, ಬೇರೆ ಯಾರಿಗೂ ಪಾಲು ಹೋಗದ ಬಿಸಿಯೂಟವನ್ನು ಉಣ್ಣಬೇಕೆಂಬುದು ಅದರ ಉದ್ದೇಶ. ರಾಜ್ಯಕ್ಕೆಲ್ಲಾ ಹಬ್ಬಿಸುವ ಮುಂಚೆ ಪರೀಕ್ಷಾರ್ಥವಾಗಿ ನಡೆಸಿದ ತಾಲ್ಲೂಕುಗಳಲ್ಲಿ ರಾಯಚೂರು ಜಿಲ್ಲೆಯ ಮಾನ್ವಿಯೂ ಒಂದು. ಅನ್ನ, ಸಾರು, ಸೊಪ್ಪು, ಮೊಟ್ಟೆ, ಹಾಲುಗಳೊಡನೆ ಶೇಂಗಾ ಚಿಕ್ಕಿಯೂ ಆ ಊಟದಲ್ಲಿ ಸೇರಿತ್ತು. ಆ ಚಿಕ್ಕಿಯ ತುಂಡಿನಲ್ಲಿಯೂ ನಮ್ಮ ‘ಸಂತಾನದಾಯಿ’ಯ ಒಂದಂಶವಿದ್ದೇ ಇದೆ.

ಇಷ್ಟು ಹೇಳಿದುದರಿಂದ ಗರ್ಭಿಣಿಗೆ ಯಾವ ಗುಳಿಗೆಯೂ ಬೇಡವೆಂದು ತಾವು ತಿಳಿಯಬಾರದು. ಬೇಕಾದ ಗುಳಿಗೆಯೊಂದುಂಟು, ಅದರ ಕಥೆಯ ಒಂದು ಭಾಗವು ನಮ್ಮ ದೇಶದಲ್ಲಿಯೇ ನಡೆಯಿತು. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳ ಬಡ ಗರ್ಭಿಣಿಯರನ್ನು ಕೊಲ್ಲುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಪರಿಶೀಲಿಸಿದಳು. ಯೀಸ್ಟಿನ ಸಾರವಾದ ಮಾರ್ಮೈಟಿನಿಂದ ಅದು ಗುಣವಾಗುವುದೆಂದು ೧೯೩೧ರಲ್ಲಿ ತಿಳಿಸಿದಳು. ಅದರಲ್ಲಿದ್ದ ಗುಣಕಾರಿ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ತಂಡದ ನಾಯಕನು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾಯರು. ಗರ್ಭವು ನಿಲ್ಲುವ ಮುಂಚಿನಿಂದಲೇ ಇದನ್ನು ಸೇವಿಸಿದರೆ, ಶಿಶುವಿನ ಬೆನ್ನುಹುರಿಯು ಮುಚ್ಚಿಕೊಳ್ಳದೆ ಉಳಿಯುವ ಘೋರವಾದ ದೋಷವು ಬಹುಮಟ್ಟಿಗೆ ತಪ್ಪುವುದೆಂದು ೧೯೯೧ರಲ್ಲಿ ಸಮಾನ ಹೋಲಿಕೆಯ ಪರೀಕ್ಷೆಯಿಂದಲೇ ಸಿದ್ಧವಾಯಿತು. ‘ಇ’ ಜೀವಸತ್ತ್ವವು ಸೋತ ಪರೀಕ್ಷೆಯಲ್ಲಿ ಫೋಲಿಕ್ ಆಮ್ಲವು ಗೆದ್ದಿತು. ೨೦೧೯–೨೧ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ ಐವತ್ತೆರಡು ಮಂದಿ ರಕ್ತಹೀನರು. ಕಬ್ಬಿಣವೂ ಫೋಲಿಕ್ ಆಮ್ಲವೂ ಸೇರಿದ ಗುಳಿಗೆಯನ್ನು ನಾಲ್ಕನೆಯ ತಿಂಗಳಿನಿಂದ ೧೮೦ ದಿನ ತಪ್ಪದೆ ಕೊಡಬೇಕೆಂದು ಸರ್ಕಾರವು ವಿಧಿಸಿದೆ. ಸರ್ಕಾರಿ ಆರೋಗ್ಯಕೇಂದ್ರಗಳಲ್ಲಿ ಅದು ಹಣವಿಲ್ಲದೆ ದೊರೆಯುತ್ತದೆ. ಹಣ ಕೊಟ್ಟು ತಂದ ಗುಳಿಗೆಯನ್ನು ಭಕ್ತಿಯಿಂದ ನುಂಗಿ, ಹಣವಿಲ್ಲದೆ ಬಂದ ಗುಳಿಗೆಯನ್ನು ಗೂಡಿನಲ್ಲಿಟ್ಟು ಮರೆಯುವುದು ನಮ್ಮ ಮನೆಗಳ ವಿಪರ್ಯಾಸ.

ಕಡೆಯದಾಗಿ ಒಂದು ವಿಷಯ. ‘ಇ’ ಜೀವಸತ್ತ್ವವು ಮಾಸನ್ನು ದಾಟಿ ಶಿಶುವಿಗೆ ಹೋಗುವುದು ಬಹಳ ಮಿತವಾಗಿ; ಹುಟ್ಟಿದ ಕೂಸಿನ ರಕ್ತದಲ್ಲಿ ಇದು ತಾಯಿಯಲ್ಲಿರುವುದಕ್ಕಿಂತ ಬಹು ಕಡಮೆ. ದಿನ ತುಂಬದೆ ಹುಟ್ಟಿದ ಕೂಸಿನಲ್ಲಿ ಇನ್ನೂ ಕಡಮೆ. ಈ ಕೊರತೆಯನ್ನು ತುಂಬುವುದಕ್ಕೆ ಪ್ರಕೃತಿಯು ಮಾಡಿರುವ ಏರ್ಪಾಡು ತಾಯಿಯ ಮೊದಲ ಹಾಲು. ಹೆರಿಗೆಯಾದ ಮೊದಲ ದಿನಗಳ ಗಟ್ಟಿಯಾದ ಹಳದಿ ಹಾಲಿನಲ್ಲಿ ಈ ಸತ್ತ್ವವು ಮುಂದಿನ ಹಾಲಿಗಿಂತ ಎರಡು ಮೂರು ಪಟ್ಟು ಹೆಚ್ಚಾಗಿರುತ್ತದೆ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿಗೆ ಜೇನನ್ನೋ ಸಕ್ಕರೆಯ ನೀರನ್ನೋ ನೆಕ್ಕಿಸುವ ಹಿರಿಯರು ಇನ್ನೂ ಇದ್ದಾರೆ. ಒಂಬತ್ತು ತಿಂಗಳು ಗುಳಿಗೆಗೆ ಹಣ ಸುರಿದು, ಹತ್ತನೆಯ ತಿಂಗಳ ಮೊದಲ ದಿನ ಆ ಸತ್ತ್ವವನ್ನೇ ನೆಲಕ್ಕೆ ಚೆಲ್ಲುವುದು ಎಂತಹ ನಷ್ಟ! ಹುಟ್ಟಿದ ಒಂದು ಗಂಟೆಯೊಳಗಾಗಿ ಕೂಸನ್ನು ಎದೆಗೆ ಹಾಕತಕ್ಕದ್ದು.

ಗರ್ಭವನ್ನು ಕಳೆದುಕೊಂಡ ಸೋದರಿಯರಿಗೆ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣವು ಭ್ರೂಣದ ವರ್ಣತಂತುಗಳಲ್ಲಿ ಮೊದಲೇ ಆಗಿರುವ ದೋಷ. ತಾಯಿಯು ತಿಂದುದರಿಂದ ಅದು ಬಂದುದಲ್ಲ, ತಿನ್ನದುದರಿಂದ ಬಂದುದೂ ಅಲ್ಲ. ಅದಕ್ಕಾಗಿ ಆಕೆಯನ್ನು ಹಳಿಯುವುದು ಅನ್ಯಾಯ. ಮತ್ತೆ ಮತ್ತೆ ಹಾಗಾದರೆ ವೈದ್ಯರಲ್ಲಿಗೆ ಹೋಗಿ, ಗಂಡಹೆಂಡಿರಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಉಳಿದಂತೆ, ಗರ್ಭಿಣಿಯ ತಟ್ಟೆಗೆ ರೊಟ್ಟಿಯೊಡನೆ ಒಂದು ಹಿಡಿ ಶೇಂಗಾ, ಸೊಪ್ಪು, ಒಂದೆರಡು ಚಮಚ ಒಳ್ಳೆಯ ಎಣ್ಣೆ ಮೊದಲು ಬೀಳಲಿ. ಮನೆಯವರ ತಟ್ಟೆಗೆ ಆಮೇಲೆ. ಮುದಗಲ್ಲಿನ ಹೊಲದ ಅಂಚಿನಲ್ಲಿ ಬೆಳೆಯನ್ನು ಕಾಯುತ್ತಿದ್ದ ಮುಳ್ಳುಗಿಡವು ಮನೆಯೊಳಗಿನ ಬೆಳೆಯನ್ನೂ ಕಾಯಬಲ್ಲದು.